ನನ್ನ ನೋವಿಗೆ ಸಾಕ್ಷಿ ಎಲ್ಲಿಂದ ತರಲಿ?

ನೋವು ಚಿಕಿತ್ಸಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನಗೆ ನೋವಿದೆ. ಈ ಮಾತನ್ನು ನಾನೇ ಹೇಳುತ್ತಿದ್ದೇನೆ, ನನ್ನ ಪರವಾಗಿ ಬೇರೆ ಯಾರೂ ಹೇಳುತ್ತಿಲ್ಲ. ಆದ್ದರಿಂದ ನಿಮ್ಮ ಕೇಂದ್ರದ ನಿಯಮದ ಪ್ರಕಾರ ಅದು ಇನ್ನೂ ಸಾಬೀತಾಗಿಲ್ಲ. ನಿಮ್ಮಲ್ಲಿ ಒಬ್ಬರ ನೋವನ್ನು ನೋವೆಂದು ಒಪ್ಪಬೇಕಾದರೆ ಅದನ್ನು ಹತ್ತಿರದಿಂದ ಕಂಡ ಮನೆಯವರೊಬ್ಬರು ಬಂದು ಹೇಳಬೇಕು. ನಾನು ಒಂಟಿಯಾಗಿ ಬದುಕುವವಳು. ನನ್ನ ನೋವನ್ನು ಹತ್ತಿರದಿಂದ ಕಂಡಿರುವುದು ನನ್ನ ಮನೆಯ ಗೋಡೆಗಳು ಮಾತ್ರ, ಅವು ಬಾಯಿ ಬಿಡುವುದಿಲ್ಲ. ಹಾಗಿದ್ದೂ ಹೇಗೋ ಒಬ್ಬ ಸಾಕ್ಷಿಯನ್ನು ಕರೆತಂದೆ. ಆ ಸಾಕ್ಷಿಯ ಮಾತು ಕೇಳಿಯೇ ನೀವು ನನ್ನನ್ನು ಚಿಕಿತ್ಸೆಯ ಸರದಿಯಿಂದ ಕೈಬಿಟ್ಟಿರಿ. ಇದರ ಬಗ್ಗೆ ನಿಮಗೆ ಖಾಸಗಿಯಾಗಿ ಬರೆದೆ, ಫೋನಿನಲ್ಲಿ ವಿಚಾರಿಸಿದೆ, ನಿಮ್ಮ ಕೋಣೆಯ ಹೊರಗೆ ನಿಂತೂ ನೋಡಿದೆ. ಯಾವುದೂ ನಿಮ್ಮ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದೇನೆ. ಊರಿಗೆಲ್ಲ ಕೇಳಿಸುವಂತೆ ಹೇಳುವುದು ನನ್ನ ಕಸುಬೂ ಹೌದು.

ನಾನು ರೈಲು ನಿಲ್ದಾಣದಲ್ಲಿ ಅನೌನ್ಸ್ ಮಾಡುವವಳು. ನೀವು ಆಸ್ಪತ್ರೆಗೆ ರೈಲಿನಲ್ಲಿ ಬರುವವರಾದರೆ ದಿನವೂ ನನ್ನ ದನಿ ಕೇಳಿರುತ್ತೀರಿ. ಯಾವ ಗಾಡಿ ತಡ, ಯಾವುದು ರದ್ದು, ಯಾವುದು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಹೆಂಗಸು ನಾನೇ. ಕೆಲಸಕ್ಕೆ ಸೇರಿದಾಗ ನಮಗೆ ಕಲಿಸಿದ್ದು ಒಂದೇ ಪಾಠ. ದನಿ ಏರಬಾರದು, ಇಳಿಯಬಾರದು, ನಡುಗಬಾರದು. ರೈಲು ಹಳಿ ತಪ್ಪಿದ ಸುದ್ದಿಯನ್ನೂ ಕಾಫಿ ಅಂಗಡಿ ತೆರೆದಿರುವ ಸುದ್ದಿಯನ್ನೂ ಒಂದೇ ಸ್ವರದಲ್ಲಿ ಹೇಳಬೇಕು, ಯಾಕೆಂದರೆ ಮೈಕಿನ ದನಿ ನಡುಗಿದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರೆಲ್ಲ ಓಡಲು ಶುರುಮಾಡುತ್ತಾರೆ. ಒಮ್ಮೆ ನನ್ನ ತಾಯಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಎದುರಿಗೆ ಗಾಡಿಯೊಂದು ನಿಂತಿತ್ತು. ಅದನ್ನು ಹೊರಡಿಸುವ ಮಾತು ಹೇಳಿ ಮುಗಿಸಿ, ಮೈಕ್ ಆರಿಸಿ, ಆಮೇಲೆ ಅತ್ತೆ. ಹೀಗೆ ವರ್ಷಗಟ್ಟಲೆ ಪಳಗಿದ ದನಿ ಮನೆಗೆ ಹೋದ ಮೇಲೆ ಬೇರೆಯಾಗುವುದಿಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೂ ಆತ, "ನಿಮ್ಮ ಗಾಡಿ ಎಷ್ಟೊತ್ತಿಗೆ ಅಮ್ಮಾ?" ಎಂದು ಕಾಲೆಳೆಯುತ್ತಾನೆ.

ನಮ್ಮ ಅನೌನ್ಸ್ ಕೋಣೆಗೆ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಕೆಲವು ವರ್ಷಗಳ ಹಿಂದೆ ಆ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ. ಊತ ಇಳಿಯಿತು, ಕಂದಿದ್ದ ಚರ್ಮ ತಿಳಿಯಾಯಿತು, ನೋವು ಮಾತ್ರ ಬಂದ ನೆಂಟ ಊರಿಗೆ ಹೋಗಲು ಮರೆತ ಹಾಗೆ ಉಳಿದುಬಿಟ್ಟಿತು. ಸೊಂಟದ ಎಡಗಡೆ ಶುರುವಾಗಿ ತೊಡೆಯ ಹಿಂಭಾಗದಲ್ಲಿ ಇಳಿದು ಪಾದದವರೆಗೆ ಉರಿಯುತ್ತದೆ. ನಿಂತರೆ ತಡೆಯಬಹುದು, ನಡೆದರೆ ಹಲ್ಲು ಕಚ್ಚಿಕೊಳ್ಳಬೇಕು, ಕೂತರೆ ಪ್ರಾಣ ಹೋಗುತ್ತದೆ. ನನ್ನದು ಕೂತು ಮಾಡುವ ಕೆಲಸ. ಮೈಕನ್ನು ಎತ್ತರಿಸಿಕೊಂಡು ನಿಂತೇ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಊಟ ಅಡುಗೆಮನೆಯ ಕಟ್ಟೆಯ ಪಕ್ಕ ನಿಂತು, ಓದುವುದು ಕಿಟಕಿಗೆ ಒರಗಿ. ಕೂರಲಾಗದವಳನ್ನು ಯಾರ ಮನೆಗೆ ಕರೆದರೂ ಅವರಿಗೇ ಮುಜುಗರ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುವುದೇ ಅವರಿಗೊಂದು ಕೆಲಸವಾಗುತ್ತದೆ. ಸಿನಿಮಾಕ್ಕೆ ಹೋಗುವುದು ನಿಂತಿತು, ನೆಂಟರ ಮನೆಗೆ ಹೋಗುವುದು ನಿಂತಿತು, ಕರೆಯುವವರೂ ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ನೋವು ಮನುಷ್ಯರನ್ನು ಹೀಗೆ ಸದ್ದಿಲ್ಲದೆ ದೂರ ಮಾಡುತ್ತದೆ, ಆಮೇಲೆ ನೀವು "ಹತ್ತಿರದಿಂದ ಕಂಡವರನ್ನು ಕರೆತನ್ನಿ" ಅನ್ನುತ್ತೀರಿ.

ಸಣ್ಣ ಡಾಕ್ಟರುಗಳೆಲ್ಲ ಕೈಚೆಲ್ಲಿದರು. ಸ್ಕ್ಯಾನ್ ನೋಡಿದವರು, "ಎಲ್ಲಾ ನಾರ್ಮಲ್ ಇದೆಯಲ್ಲ" ಎಂದು ನನಗೆ ಶುಭಾಶಯ ಹೇಳುವವರ ಹಾಗೆ ನಕ್ಕರು. ಕೊನೆಗೆ ಒಬ್ಬರು ನಿಮ್ಮ ಕೇಂದ್ರದ ಹೆಸರು ಹೇಳಿ, ಅಲ್ಲಿ ನರದ ಬುಡಕ್ಕೇ ಇಂಜೆಕ್ಷನ್ ಕೊಡುತ್ತಾರೆ, ನಿಮ್ಮಂಥ ಎಷ್ಟೋ ಜನ ಮತ್ತೆ ಕುರ್ಚಿಯ ಮೇಲೆ ಕೂತಿದ್ದಾರೆ ಎಂದರು. ಕುರ್ಚಿಯ ಮೇಲೆ ಕೂರುವುದು ಇಷ್ಟು ದೊಡ್ಡ ಆಸೆಯಾಗಬಹುದು ಎಂದು ನನಗೂ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ನಿಮ್ಮಲ್ಲಿಂದ ಕರೆ ಬಂತು. ಆ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದೆ.

ನಿಮ್ಮ ಕಾಯುವ ಹಾಲನ್ನು ನೀವು ಯಾವಾಗಲಾದರೂ ರೋಗಿಯ ಕಣ್ಣಿನಿಂದ ನೋಡಿದ್ದೀರಾ? ಅಲ್ಲಿ ಕುರ್ಚಿಗಳೆಲ್ಲ ಜೋಡಿ ಜೋಡಿ, ಒಂದೇ ಕಬ್ಬಿಣದ ಪಟ್ಟಿಗೆ ಎರಡೆರಡನ್ನು ಬಿಗಿದು ನೆಲಕ್ಕೆ ಬೋಲ್ಟ್ ಹಾಕಿದ್ದೀರಿ. ಒಂದು ರೋಗಿಗೆ, ಒಂದು ಜೊತೆಗೆ ಬಂದವರಿಗೆ. ಒಂಟಿ ಕುರ್ಚಿ ಎಲ್ಲೂ ಇಲ್ಲ. ಗಂಡ ಹೆಂಡಿರು, ಅಪ್ಪ ಮಗಳು, ಅಜ್ಜಿ ಮೊಮ್ಮಗ ಹೀಗೆ ಎಲ್ಲರೂ ಜೋಡಿಯಾಗಿ ಕೂತಿದ್ದರು. ಯಾರದೋ ಭುಜದ ಮೇಲೆ ಯಾರದೋ ತಲೆಯಿತ್ತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೌಂಟರಿನ ಹುಡುಗಿ, "ನಿಂತ್ಕೋಬೇಡಿ, ದಾರಿಗೆ ಅಡ್ಡ ಆಗುತ್ತೆ" ಎಂದಳು. ಹೋಗಿ ಒಂದು ಜೋಡಿಯ ಅರ್ಧದಲ್ಲಿ ಕೂತೆ, ಇನ್ನರ್ಧಕ್ಕೆ ನನ್ನ ಚೀಲ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಅವಳೇ ಬಂದು, "ಜೊತೆಗೆ ಯಾರು ಬಂದಿದಾರೆ?" ಎಂದು ಕೇಳಿದಳು. ಯಾರೂ ಇಲ್ಲ ಅಂದೆ. ಅವಳು ಚೀಲದ ಕಡೆ ನೋಡಿ, "ಒಬ್ರೇನಾ?" ಅಂದಳು. ಆ ಪ್ರಶ್ನೆಗೆ ಎರಡನೇ ಸಲ ಉತ್ತರ ಕೊಡುವಾಗ ನನಗೆ ನಾಚಿಕೆಯಾಯಿತು ಎಂದು ಇಲ್ಲಿ ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ.

ನಿಮ್ಮ ತಜ್ಞ ವೈದ್ಯರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿದರು. ನಾನೂ ಎಲ್ಲವನ್ನೂ ಹೇಳಿದೆ. ಉರಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು, ಎಲ್ಲವನ್ನೂ ನನ್ನ ಅದೇ ದನಿಯಲ್ಲಿ, ಪೂರ್ತಿ ವಾಕ್ಯಗಳಲ್ಲಿ, ಮಧ್ಯೆ ಎಲ್ಲೂ ತಡವರಿಸದೆ. ಈಗ ಯೋಚಿಸಿದರೆ ನನ್ನ ನೋವಿನ ಪ್ರಯಾಣವನ್ನು ನಾನು ಅವರಿಗೆ ಅನೌನ್ಸ್ ಮಾಡಿದೆ. ಅವರು ಪೆನ್ನು ಕೆಳಗಿಟ್ಟು ಹೇಳಿದರು, "ಎಷ್ಟು ಚೆನ್ನಾಗಿ ಮಾತಾಡ್ತೀರಿ ನೀವು. ಇಷ್ಟು ನೋವಿರೋರು ಯಾರೂ ಇಷ್ಟು ಸ್ಪಷ್ಟವಾಗಿ ಹೇಳೋದನ್ನ ನಾನು ಕೇಳಿಲ್ಲ." ನಾನು ಹೊಗಳಿಕೆ ಎಂದುಕೊಂಡು ನಕ್ಕೆ. ಆ ನಗುವೂ ನನ್ನ ವಿರುದ್ಧ ಲೆಕ್ಕಕ್ಕೆ ಬಂದಿರಬೇಕು. ಆಮೇಲೆ ಅವರು ನಿಯಮ ವಿವರಿಸಿದರು. ನೋವನ್ನು ಅಳೆಯುವ ಯಂತ್ರ ಇಲ್ಲ, ಆದ್ದರಿಂದ ಮನೆಯವರ ಮಾತೇ ಆಧಾರ. ಇಂಜೆಕ್ಷನ್ ಯಾರಿಗೆ ಕೊಡಬೇಕೆಂದು ನಿರ್ಧರಿಸುವುದು ಅದನ್ನು ಕೇಳಿದ ಮೇಲೆಯೇ. "ನೀವು ನರಳೋದನ್ನ, ನಡೀವಾಗ ನಿಲ್ಲೋದನ್ನ ನೋಡಿದೋರು ಯಾರಾದ್ರೂ ಇರ್ತಾರಲ್ಲ? ಅವರನ್ನ ಕರ್ಕೊಂಡು ಬನ್ನಿ," ಎಂದರು.

ಮಾನ್ಯರೇ, ಒಂಟಿಯಾಗಿರುವವಳು ಯಾಕೆ ನರಳುತ್ತಾಳೆ? ನರಳುವುದು ಇನ್ನೊಬ್ಬರಿಗೆ ಕೇಳಲಿ ಎಂದಲ್ಲವೇ? ಪಕ್ಕದ ಕೋಣೆಯಿಂದ "ಏನಾಯ್ತು?" ಎಂಬ ಮಾತು ಬರುವ ಮನೆಯಲ್ಲಿ ನೋವಿಗೆ ದನಿ ಇರುತ್ತದೆ. ಯಾರೂ ಕೇಳದ ಮನೆಯಲ್ಲಿ ಅದು ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ನಿಮ್ಮ ನಿಯಮ ಮಾಡಿದವರ ಮನೆ ತುಂಬ ಜನರಿರಬೇಕು. ಅವರು ಚೆನ್ನಾಗಿರಲಿ.

ಹೊರಗೆ ಬಂದು ಸಾಕ್ಷಿಗಾಗಿ ಹುಡುಕಿದೆ. ಮೊದಲು ನೆನಪಾದವರು ನನ್ನ ನಂತರದ ಪಾಳಿಗೆ ಬರುವ ಹಿರಿಯರು. ಇಷ್ಟು ವರ್ಷ ಒಂದೇ ಮೈಕು, ಒಂದೇ ಕುರ್ಚಿ ಹಂಚಿಕೊಂಡಿದ್ದೇವೆ. ಪಾಳಿ ಬದಲಾಗುವಾಗ ದಿನವೂ ನಾಲ್ಕು ಮಾತು ಆಡುತ್ತೇವೆ. ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನಿಮಗೆ ಕೂರಕ್ಕಾಗಲ್ವಾ ಮೇಡಂ? ನಾನು ಬಂದಾಗೆಲ್ಲ ನೀವು ಎದ್ದು ನಿಂತಿರ್ತೀರಲ್ಲ, ನಾನು ಹಿರಿಯ ಅಂತ ಮರ್ಯಾದೆ ಕೊಡ್ತಿದೀರಿ ಅಂದ್ಕೊಂಡಿದ್ದೆ."

"ಮರ್ಯಾದೆನೂ ಕೊಡ್ತಿದ್ದೆ ಸಾರ್," ಅಂದೆ.

"ನನ್ನ ಹೆಂಡತಿ ಹತ್ರನೂ ಹೇಳಿದೀನಿ, ಈ ಕಾಲದಲ್ಲೂ ಅಂಥ ವಿನಯ ಇರೋ ಹೆಂಗಸಿದಾರೆ ಅಂತ," ಎಂದು ಮುಖ ಸಪ್ಪೆ ಮಾಡಿಕೊಂಡರು. ಪಾಪ, ಅವರ ಒಂದು ಸಂತೋಷವನ್ನು ನಾನು ಸುಮ್ಮನೆ ಕಿತ್ತುಕೊಂಡಂತಾಯಿತು. ಅವರು ಬಂದು ಹೇಳಲು ಸಿದ್ಧರಿದ್ದರು. ಆದರೆ ನಾನು ಬಿಡುವಾಗಿರುವಾಗ ಅವರು ಕೆಲಸದಲ್ಲಿರುತ್ತಾರೆ, ಅವರು ಬಿಡುವಾಗಿರುವಾಗ ನಾನು ಕೆಲಸದಲ್ಲಿರುತ್ತೇನೆ. ನಮ್ಮಿಬ್ಬರಲ್ಲಿ ಒಬ್ಬರು ಸದಾ ಮೈಕಿನ ಮುಂದಿರಬೇಕು. ಮೇಲಾಗಿ ಅವರು ಮನೆಯವರಲ್ಲ ಎಂದು ನಿಮ್ಮ ಕೌಂಟರಿನವರು ಫೋನಿನಲ್ಲೇ ಹೇಳಿಬಿಟ್ಟರು.

ಉಳಿದದ್ದು ನನ್ನ ತಂಗಿ. ನನಗಿಂತ ತುಂಬ ಚಿಕ್ಕವಳು, ತಾಯಿ ಕಾಯಿಲೆ ಬಿದ್ದಾಗಿನಿಂದ ನಾನೇ ಬೆಳೆಸಿದವಳು. ಈಗ ದೂರದ ಊರಿನಲ್ಲಿ ಗಂಡ, ಅತ್ತೆ, ಶಾಲೆಯ ಕೆಲಸ ಎಂದು ಓಡಾಡಿಕೊಂಡಿದ್ದಾಳೆ. ಫೋನ್ ಮಾಡಿ, ಆಸ್ಪತ್ರೆಗೆ ಜೊತೆಗೆ ಬರಬೇಕಿತ್ತು ಅಂದೆ. "ನಿಂಗಾ? ಏನಾಗಿದೆ ನಿಂಗೆ?" ಎಂದು ಗಾಬರಿಯಾದಳು. ಸೊಂಟ ನೋವು, ಅಷ್ಟೇ, ಅಲ್ಲಿ ಮನೆಯವರು ಬರಬೇಕಂತೆ ಅಂದೆ. ಆ "ಅಷ್ಟೇ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಬೆಳೆಸಿದವರ ಬಾಯಲ್ಲಿ ಆ ಮಾತು ಯಾವಾಗಲೂ ಸಿದ್ಧವಾಗಿರುತ್ತದೆ. ಅವಳು ರಜೆ ಹಾಕಿ, ಬೆಳಗಿನ ಗಾಡಿಗೆ ಬಂದಳು. ರಾತ್ರಿ ಪಾಳಿ ಮುಗಿಸುವ ಮುನ್ನ ಆ ಗಾಡಿ ಬರುವ ಸುದ್ದಿಯನ್ನು ಮೈಕಿನಲ್ಲಿ ಹೇಳಿದವಳು ನಾನೇ. ಹೇಳುವಾಗ ನಿಜಕ್ಕೂ ಖುಷಿಯಾಗಿತ್ತು.

ಈ ಸಲ ನಿಮ್ಮ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಚೀಲ ಇರಲಿಲ್ಲ, ನನ್ನ ತಂಗಿ ಇದ್ದಳು. ಅವಳ ಕೈ ನನ್ನ ಕೈ ಮೇಲಿತ್ತು. ಕೂತಾಗಿನ ಉರಿಯನ್ನು ಅವತ್ತು ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ತಡೆದುಕೊಂಡೆ.

ಒಳಗೆ ಹೋದ ಮೇಲೆ ವೈದ್ಯರು ನನಗೆ, "ನೀವು ಈಗ ಮಾತಾಡಬೇಡಿ, ಅವರೇ ಹೇಳ್ಲಿ," ಎಂದರು. ಅವಳ ಕಡೆ ತಿರುಗಿ, ಅಕ್ಕನಿಗೆ ನೋವಾಗುವುದನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ನನ್ನ ತಂಗಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ನಮ್ಮಕ್ಕನ ಥರ ಗಟ್ಟಿಗಿತ್ತಿ ಎಲ್ಲೂ ಸಿಗಲ್ಲ ಡಾಕ್ಟ್ರೇ. ಅಮ್ಮನ್ನ ಎತ್ತಿ ಕೂರಿಸಿ, ಮಲಗಿಸಿ, ಎಲ್ಲಾ ಇವಳೇ ಮಾಡಿದ್ದು. ನನ್ನನ್ನ ಓದಿಸಿದ್ದು ಇವಳೇ. ಒಂದು ದಿನ ಹುಷಾರಿಲ್ಲ ಅಂತ ಮಲಗಿದ್ದು ನಾನು ನೋಡಿಲ್ಲ. ಅಯ್ಯೋ ಅಂದಿದ್ದು ಕೇಳಿಲ್ಲ. ಇವತ್ತಿಗೂ ಕೆಲಸಕ್ಕೆ ಒಂದು ರಜೆ ಹಾಕಲ್ಲ."

"ನಡೀವಾಗ ಕಷ್ಟಪಡ್ತಾರಾ?"

"ಇವಳಾ? ನಮ್ಮನ್ನೆಲ್ಲ ಹಿಂದೆ ಹಾಕ್ತಾಳೆ."

ನಾನು ಬಾಯಿ ತೆರೆದೆ. ವೈದ್ಯರು ಬೆರಳೆತ್ತಿ ತಡೆದರು. ನನ್ನ ಎಡಗಾಲು ಸೊಂಟದಿಂದ ಹಿಮ್ಮಡಿಯವರೆಗೆ ಬೇಯುತ್ತಿತ್ತು. ಪಕ್ಕದಲ್ಲಿ ನನ್ನ ತಂಗಿ ಅಷ್ಟು ಹೆಮ್ಮೆಯಿಂದ, ಅಷ್ಟು ಪ್ರೀತಿಯಿಂದ ನನ್ನನ್ನು ಹೊಗಳುತ್ತಿದ್ದಳು. ಯಾರಾದರೂ ನನ್ನ ಬಗ್ಗೆ ಅಷ್ಟೊಂದು ಒಳ್ಳೆಯ ಮಾತು ಆಡಿ ಎಷ್ಟು ಕಾಲವಾಗಿತ್ತೋ. ಒಂದೊಂದು ಮಾತಿಗೂ ನನ್ನ ಇಂಜೆಕ್ಷನ್ ಒಂದೊಂದು ಹೆಜ್ಜೆ ದೂರ ಹೋಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು, ಆದರೂ ಅವಳು ನಿಲ್ಲಿಸದಿರಲಿ ಅನ್ನಿಸುತ್ತಿತ್ತು. ಕೆಲಸಕ್ಕೆ ಶಿಫಾರಸು ಮಾಡುವವಳ ಹಾಗೆ ಎಲ್ಲ ಗುಣಗಳನ್ನೂ ಹೇಳಿ ಮುಗಿಸಿ ಅವಳು ನನ್ನ ಕಡೆ ನೋಡಿ ನಕ್ಕಳು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು, "ಚೆನ್ನಾಗಿ ಹೇಳಿದ್ನಾ? ಒಳ್ಳೇವಳು ಅಂತ ಗೊತ್ತಾದ್ರೆ ಚೆನ್ನಾಗಿ ನೋಡ್ಕೋತಾರೆ ನಿನ್ನ." ತುಂಬ ಚೆನ್ನಾಗಿ ಹೇಳಿದೆ ಅಂದೆ.

ನಿಲ್ದಾಣದ ಕಡೆ ನಡೆಯುವಾಗ ಅವಳು ಮುಂದೆ ಮುಂದೆ ಹೋಗುತ್ತಿದ್ದಳು. ಒಂದು ಔಷಧಿ ಅಂಗಡಿಯ ಗೋಡೆ ಹಿಡಿದುಕೊಂಡು ನಿಂತೆ. ಅವಳು ತಿರುಗಿ, "ಬಾರೇ ಅಕ್ಕ, ಗಾಡಿ ತಪ್ಪುತ್ತೆ," ಅಂದಳು. "ನಾನು ಹೇಳದೆ ಅದು ಎಲ್ಲಿ ಹೊರಡುತ್ತೆ, ನಡಿ ನೀನು," ಅಂದೆ. ಅವಳು ನಗುತ್ತಾ ನಡೆದಳು. ಸಂಜೆಯಾಗಿ ಮತ್ತೆ ನನ್ನ ಪಾಳಿ ಶುರುವಾಗುವ ಹೊತ್ತಾಗಿತ್ತು. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ ಅವಳ ಗಾಡಿ ಹೊರಡುವುದನ್ನು ಹೇಳಿದೆ. ಗಾಜಿನ ಕಿಟಕಿಯಿಂದ ನೋಡಿದರೆ ಅವಳು ಬೋಗಿಯ ಬಾಗಿಲಲ್ಲಿ ನಿಂತು, ತಲೆಯೆತ್ತಿ, ಕಂಬದ ಮೇಲಿನ ಸ್ಪೀಕರಿಗೆ ಕೈ ಬೀಸುತ್ತಿದ್ದಳು. ಕೋಣೆ ಇರುವುದು ಅವಳ ಬೆನ್ನ ಹಿಂದೆ. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ಇಲ್ಲಿಂದ ಕೈ ಬೀಸಿದೆ, ಗಾಡಿ ಹೋಯಿತು.

ಕೆಲವು ದಿನಗಳಲ್ಲಿ ನಿಮ್ಮ ನಿರ್ಧಾರ ಬಂತು. ಮನೆಯವರ ಹೇಳಿಕೆಯ ಪ್ರಕಾರ ದಿನಚರಿಗೆ ತೊಂದರೆ ಕಾಣುವುದಿಲ್ಲ, ಇಂಜೆಕ್ಷನ್ ಅಗತ್ಯವಿಲ್ಲ, ಲಘು ವ್ಯಾಯಾಮ ಮಾಡುವುದು, ಮನಸ್ಸನ್ನು ಹಗುರವಾಗಿಟ್ಟುಕೊಳ್ಳುವುದು. ಮನಸ್ಸನ್ನು ಹಗುರ ಮಾಡುವ ಇಲಾಖೆ ಯಾವ ಮಹಡಿಯಲ್ಲಿದೆ ಎಂದು ಮಾತ್ರ ತಿಳಿಸಿರಲಿಲ್ಲ. ತಂಗಿಗೆ ಹೇಳಬಾರದು ಎಂದೇ ಇದ್ದೆ. ಅವಳೇ ಫೋನ್ ಮಾಡಿ, ಇಂಜೆಕ್ಷನ್ ಯಾವಾಗ, ಆವತ್ತೂ ನಾನು ಬರ್ತೀನಿ ಅಂದಳು. ಹೇಳಬೇಕಾಯಿತು.

"ಅಕ್ಕ, ಆವತ್ತು ಗೋಡೆ ಹಿಡ್ಕೊಂಡು ನಿಂತಿದ್ದು..."

"ಹೂಂ."

"ನಾನು ಮುಂದೆ ಹೋಗ್ಬಿಟ್ನಲ್ಲೇ."

ಅವಳು ಅತ್ತಳು. ನಾನು ಸಮಾಧಾನ ಮಾಡಿದೆ. ಮತ್ತೆ ಬಂದು ನಿಜ ಹೇಳುತ್ತೇನೆ ಎಂದು ನಿಮ್ಮ ಕೇಂದ್ರಕ್ಕೆ ಅವಳೇ ಫೋನ್ ಮಾಡಿದಳು. ನಿಮ್ಮವರು ಕೊಟ್ಟ ಉತ್ತರ ನಿಮಗೆ ಗೊತ್ತಿರಬೇಕು. ಒಮ್ಮೆ ಕೊಟ್ಟ ಹೇಳಿಕೆಯನ್ನು ಬದಲಿಸಲು ಬರುವುದಿಲ್ಲ, ಎರಡನೇ ಸಲ ಹೇಳುವುದು ರೋಗಿಯ ಒತ್ತಾಯದಿಂದ ಇರಬಹುದು. ಅಂದರೆ ಏನೂ ಗೊತ್ತಿಲ್ಲದಾಗ ಆಡಿದ ಮಾತು ಸಾಕ್ಷ್ಯ, ಗೊತ್ತಾದ ಮೇಲೆ ಆಡಿದ ಮಾತು ಒಳಸಂಚು. ಇದನ್ನು ಬರೆದ ಪುಣ್ಯಾತ್ಮರು ಯಾರು? ಅವರಿಗೆ ಎಂದೂ ಹಲ್ಲುನೋವೂ ಬಾರದಿರಲಿ, ಬಂದರೆ ಅದನ್ನು ಮೊದಲು ಯಾರು ಕಂಡರು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಈಗ ತಂಗಿ ದಿನವೂ ಫೋನ್ ಮಾಡುತ್ತಾಳೆ. ಹೇಗಿದ್ದೀಯ ಎಂದು ಕೇಳುತ್ತಾಳೆ. ಇನ್ನು ಮುಚ್ಚಿಡಬಾರದು ಎಂದು ನಿರ್ಧರಿಸಿ ಮೊನ್ನೆ ಹೇಳಿದೆ, "ಇವತ್ತು ತುಂಬಾ ನೋವಿದೆ ಕಣೇ. ತಡ್ಕೊಳ್ಳೋಕೆ ಆಗ್ತಿಲ್ಲ." ಆ ಮಾತು ನಾನು ಬದುಕಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ, ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ಅದೇ. ಅವಳು ಕೇಳಿದಳು, "ನಿಜವಾಗ್ಲೂನಾ ಅಕ್ಕ?"

ಅವಳು ಅನುಮಾನಪಟ್ಟು ಕೇಳಲಿಲ್ಲ, ನನಗೆ ಗೊತ್ತು. ಪ್ರಪಂಚದಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವಳು ಅವಳೇ. ಅವಳಿಗೇ ಕೇಳಿಸಲಿಲ್ಲ. ಆ ಹೊತ್ತಿನಷ್ಟು ಒಂಟಿ ನಾನು ಎಂದೂ ಆಗಿರಲಿಲ್ಲ. ಹೌದು, ನಿಜವಾಗಲೂ ಎಂದು ಹೇಳಿ, ಊಟ ಮಾಡಿದೆಯಾ ಎಂದು ಕೇಳಿ, ಫೋನ್ ಇಟ್ಟೆ. ಆಗಲೇ ಈ ಪತ್ರ ಬರೆಯಬೇಕು ಅನ್ನಿಸಿದ್ದು. ನನ್ನ ತಂಗಿ ವೈದ್ಯೆಯಲ್ಲ, ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನೋವನ್ನು ಗುರುತಿಸುವುದು ಅವಳ ಕೆಲಸವಲ್ಲ, ಅದು ನಿಮ್ಮ ಕೆಲಸ. ನಿಮ್ಮ ಕೆಲಸವನ್ನು ಅವಳ ತಲೆಗೆ ಕಟ್ಟಿ, ಅವಳು ಅದರಲ್ಲಿ ಸೋತಾಗ ಆ ಸೋಲನ್ನು ನನ್ನ ಆರೋಗ್ಯ ಎಂದು ಬರೆದುಕೊಂಡಿರಿ. ಈಗ ಅವಳು ಪ್ರತಿದಿನ ತಪ್ಪಿತಸ್ಥಳ ಹಾಗೆ ಮಾತಾಡುತ್ತಾಳೆ. ನಮ್ಮಿಬ್ಬರ ಮಧ್ಯೆ ಹಿಂದೆ ನಗು ಇತ್ತು, ಅದು ಹೋಯಿತು. ಇದಕ್ಕೆ ನಿಮ್ಮಲ್ಲಿ ಯಾವ ಇಂಜೆಕ್ಷನ್ ಇದೆ?

ಒಂದು ವಿಷಯ ಕೇಳುತ್ತೇನೆ. ನಾನು ಮೈಕಿನಲ್ಲಿ, ಗಾಡಿ ಈ ಪ್ಲಾಟ್‌ಫಾರ್ಮಿಗಲ್ಲ, ಆ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳಿದರೆ ಸಾವಿರ ಜನ ಒಂದು ಮಾತೂ ಆಡದೆ ಗಂಟುಮೂಟೆ ಎತ್ತಿಕೊಂಡು ಸೇತುವೆ ಹತ್ತುತ್ತಾರೆ. ಬಸುರಿಯರು ಹತ್ತುತ್ತಾರೆ, ಕೋಲೂರಿದ ಮುದುಕರು ಹತ್ತುತ್ತಾರೆ, ಬಹುಶಃ ನೀವೂ ಹತ್ತಿದ್ದೀರಿ. ನಿಮ್ಮಲ್ಲಿ ಯಾರೂ ಇದುವರೆಗೆ, "ಗಾಡಿಯನ್ನು ಹತ್ತಿರದಿಂದ ಕಂಡ ನಿಮ್ಮ ಮನೆಯವರನ್ನು ಕರೆಯಿರಿ" ಎಂದು ಕೇಳಿಲ್ಲ. ಕಣ್ಣಿಗೆ ಕಾಣದ ಗಾಡಿಯ ಬಗ್ಗೆ ನನ್ನ ಮಾತನ್ನು ನಂಬುವವರು, ನನ್ನದೇ ಕಾಲಿನ ಬಗ್ಗೆ ನನ್ನ ಮಾತನ್ನು ಯಾಕೆ ನಂಬುವುದಿಲ್ಲ?

ಆದ್ದರಿಂದ ನನ್ನ ಬೇಡಿಕೆ ಇದು. ನನ್ನನ್ನು ಸರದಿಗೆ ಮರಳಿ ಸೇರಿಸಿ. ಈ ಸಲ ನಾನು ಒಬ್ಬಳೇ ಬರುತ್ತೇನೆ, ತಂಗಿಯನ್ನು ಮತ್ತೆ ಆ ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ನಿಮ್ಮ ವೈದ್ಯರು ನನ್ನನ್ನೇ ಕೇಳಲಿ. ನನ್ನ ದನಿ ನಡುಗುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ನಡುಗುವುದನ್ನು ಹೊಸದಾಗಿ ಕಲಿಯಲಾರೆ. ನಡುಗದ ದನಿಯಲ್ಲಿ ಹೇಳಿದ್ದನ್ನು ಕೇಳುವುದನ್ನು ನೀವೇ ಕಲಿಯಬೇಕು. ಮತ್ತೆ, ನಿಮ್ಮ ಹಾಲಿನ ಯಾವುದಾದರೂ ಒಂದು ಜೋಡಿಯ ಬೋಲ್ಟ್ ಬಿಚ್ಚಿಸಿ ಒಂದು ಒಂಟಿ ಕುರ್ಚಿ ಹಾಕಿಸಿ. ನನಗೆ ಅದರಲ್ಲಿ ಕೂರಲು ಆಗುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ. ನನ್ನ ಹಾಗೆ ಬರುವವರು ಇನ್ನೂ ಇದ್ದಾರೆ, ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಲಿ.

ದಯವಿಟ್ಟು ಗಮನಿಸಿ. ನನಗೆ ನೋವಿದೆ.

ಇಂತಿ,
ನೀವು ದಿನವೂ ನಂಬುವ ದನಿಯವಳು